ನಾಲ್ಕನೆಯ ಮೌಸ್

ಮಾರ್ಚ್ ೩, ಸೋಮವಾರ

ನಿನ್ನೆ ಸೋತೆವು. ಸೋಲಿಗೆ ಕಾರಣ ನನ್ನ ಮೌಸ್. ಇದನ್ನು ಬರೆದಿಡಬೇಕೆಂದೇ ಈ ನೋಟ್‌ಬುಕ್ ತೆಗೆದಿದ್ದೇನೆ. ಬಾಯಲ್ಲಿ ಹೇಳಿದರೆ ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ನನಗೆ ನಲವತ್ತನಾಲ್ಕು. ಹಗಲು ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ ಕೆಲಸ. ಇಪ್ಪತ್ತೆರಡು ವರ್ಷದಿಂದ ಮುಖವನ್ನೇ ನೋಡದ ಜನರಿಗೆ ಹಲ್ಲು ಕೊಡುತ್ತಿದ್ದೇನೆ. ಭಾನುವಾರ ಸಂಜೆ ಮಾತ್ರ ಕಂಪ್ಯೂಟರ್ ಮುಂದೆ ಕುಳಿತು ಗುಂಡು ಹಾರಿಸುತ್ತೇನೆ. ನಾವು ಐವರು, ಎದುರಿಗೆ ಐವರು. ಅವರು ಬಾಂಬ್ ಇಡಲು ಬರುತ್ತಾರೆ, ನಾವು ತಡೆಯಬೇಕು. ದೂರದಿಂದ ಹೊಡೆಯುವ ಬಂದೂಕು ನನ್ನದು. ಒಂದು ಗುಂಡು, ಒಂದು ತಲೆ. ತಪ್ಪಿದರೆ ಆ ತಲೆ ನನ್ನದು.

ಕ್ಯಾಪ್ಟನ್ ನನ್ನ ಹೆಂಡತಿಯ ತಮ್ಮ. ಲಿಫ್ಟ್ ರಿಪೇರಿ ಮಾಡುತ್ತಾನೆ. ಆಟವೇ ಕಸುಬಲ್ಲದವರಿಗಾಗಿ ನಡೆಯುವ ಲೀಗಿನಲ್ಲಿ ನಾವು ಮೂರು ವರ್ಷ ಒದ್ದಾಡಿ, ಈ ಸಲ ಕೊನೆಯ ನಾಲ್ಕು ತಂಡಗಳಲ್ಲಿ ಹೇಗೋ ತೂರಿಕೊಂಡಿದ್ದೇವೆ. ಏಪ್ರಿಲ್ ಇಪ್ಪತ್ತಕ್ಕೆ ಸೆಮಿಫೈನಲ್, ಅಂದೇ ಫೈನಲ್. ಸಭಾಂಗಣ, ದೊಡ್ಡ ಪರದೆ, ಕುರ್ಚಿ ಹಾಕಿ ಕೂರುವ ಜನ. ಅಲ್ಲಿ ನಾನು ಕೂರಬೇಕು. ಜೀವನದಲ್ಲಿ ನನ್ನ ಕೆಲಸವನ್ನು ಜನ ಎದ್ದು ನಿಂತು ನೋಡುವುದು ಅದೊಂದೇ ದಿನ. ಹಲ್ಲಿನ ಸೆಟ್‌ಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ನಿನ್ನೆ ಅಭ್ಯಾಸದ ಪಂದ್ಯ. ಕೊನೆಯ ಸುತ್ತಿನಲ್ಲಿ ಎದುರಾಳಿ ನನ್ನ ಕಣ್ಣೆದುರೇ, ಊಟವಾದ ಮೇಲೆ ಅಡ್ಡಾಡಲು ಹೊರಟವನ ಹಾಗೆ, ಬಾಗಿಲು ದಾಟಿದ. ನಾನು ಒತ್ತಿದೆ. ಒತ್ತಿದೆ ಎಂದೇ ನನ್ನ ನಂಬಿಕೆ. ಗುಂಡು ಹಾರಲಿಲ್ಲ.

"ಭಾವ, ಕ್ಲಿಕ್ ಮಾಡಿದ್ರಾ?" ಹೆಡ್‌ಫೋನಿನಲ್ಲಿ ಕ್ಯಾಪ್ಟನ್.

"ಮಾಡ್ದೆ ಕಣೋ. ಮೌಸ್ ಮಾತು ಕೇಳ್ಲಿಲ್ಲ."

ಹಿಂದಿನಿಂದ ನನ್ನವಳು: "ಮೌಸ್ ಕೇಳ್ಲಿಲ್ವೋ, ಬೆರಳು ಕೇಳ್ಲಿಲ್ವೋ? ಬೆಳಗ್ಗೆ ಅಂಗಿ ಗುಂಡಿ ಹಾಕಿಕೊಟ್ಟೋಳು ನಾನು. ಆ ಕೈ ಯಾರಿಗಾದ್ರೂ ತೋರಿಸಿ ಅಂತ ಎಷ್ಟು ಸಲ ಹೇಳೋದು?"

ಹೊಸ ಅಂಗಿ ಅದು, ಕಾಜ ಬಿಗಿ. ಹೇಳಿದೆ. ಅವಳು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವಳು. ತಪ್ಪು ವಿಳಾಸವನ್ನು ದೂರದಿಂದಲೇ ಗುರುತಿಸುತ್ತಾಳೆ.

ಮಾರ್ಚ್ ೫, ಬುಧವಾರ

ಮೌಸ್ ಎಂಬುದು ಒಂದು ಶಾಸ್ತ್ರ. ಇಷ್ಟು ದಿನ ಅಜ್ಞಾನಿಯಾಗಿ ಬದುಕಿದ್ದೆ.

ಅಂಗೈ ಪೂರ್ತಿ ಊರಿ ಹಿಡಿಯುವವರು ಒಂದು ಪಂಗಡ, ಬೆರಳು ಬಾಗಿಸಿ ಹದ್ದಿನಂತೆ ಹಿಡಿಯುವವರು ಇನ್ನೊಂದು, ಬರೀ ಬೆರಳ ತುದಿಯಲ್ಲಿ ಹಿಡಿಯುವವರು ಮತ್ತೊಂದು. ಮೂರೂ ಪಂಗಡಗಳು ಇಂಟರ್‌ನೆಟ್‌ನಲ್ಲಿ ಪರಸ್ಪರ ಮುಖ ನೋಡುವುದಿಲ್ಲ. ಎಲ್ಲರೂ ಒಪ್ಪುವುದು ಒಂದೇ ಮಾತು: ಮೌಸ್ ಹಗುರ ಇರಬೇಕು. ಅರವತ್ತು ಗ್ರಾಮಿನ ಆಸುಪಾಸು.

ಲ್ಯಾಬಿನಲ್ಲಿ ಪ್ಲಾಸ್ಟರ್ ಪುಡಿ ತೂಗುವ ತಕ್ಕಡಿಯಿದೆ. ಯಜಮಾನರು ಹೊರಗೆ ಹೋದಾಗ ನನ್ನ ಮೌಸ್ ಇಟ್ಟು ನೋಡಿದೆ. ನೂರ ಹನ್ನೆರಡು ಗ್ರಾಂ! ಮೂರು ವರ್ಷದಿಂದ ನಾನು ಬಂಡೆ ಎಳೆದುಕೊಂಡು ಯುದ್ಧ ಮಾಡುತ್ತಿದ್ದೆ. ಯಾರಿಗೂ ಇದು ಹೊಳೆಯಲಿಲ್ಲವಲ್ಲ. ಹೊಸದೊಂದನ್ನು ತರಿಸಿದೆ. ಐವತ್ತೆಂಟು ಗ್ರಾಂ, ವೈರ್ ಇಲ್ಲ.

ಮಾರ್ಚ್ ೯, ಭಾನುವಾರ

ಹೊಸ ಮೌಸಿನಲ್ಲೂ ಸೋತೆ. ಅದು ಮೇಜಿನ ಮೇಲೆ ಸರಿಯುವುದೇ ಇಲ್ಲ, ಕೆಸರಿನಲ್ಲಿ ಕಾಲೆಳೆದ ಹಾಗೆ. ಕಂಪನಿಗೆ ಉದ್ದನೆಯ ದೂರಿನ ಪತ್ರ ಬರೆಯತೊಡಗಿದ್ದೇನೆ. ಮೂರು ಪ್ಯಾರಾ ಆಗಿದೆ. "ಒಬ್ಬ ಅನುಭವಿ ಆಟಗಾರನಾಗಿ" ಎಂದು ಶುರು.

ಮಾರ್ಚ್ ೧೨, ಬುಧವಾರ

ಹೆಂಡತಿ ಮೇಜು ಒರೆಸುವಾಗ ಮೌಸ್ ಮಗುಚಿ ನೋಡಿದಳು. ಅಡಿಯಲ್ಲಿ ನೀಲಿ ಪ್ಲಾಸ್ಟಿಕ್ ಹಾಳೆ. ಅದರ ಮೇಲೆ ದಪ್ಪ ಅಕ್ಷರದಲ್ಲಿ, ಬಳಸುವ ಮೊದಲು ಕಿತ್ತು ತೆಗೆಯಿರಿ ಎಂದು ಬರೆದಿದೆ.

"ಒಬ್ಬ ಅನುಭವಿ ಆಟಗಾರನಾಗಿ..." ಎಂದು ಓದಿ, ನನ್ನ ಪತ್ರವನ್ನು ನನ್ನ ಕೈಗೇ ಕೊಟ್ಟಳು.

ಕಳಿಸಿರಲಿಲ್ಲ, ಪುಣ್ಯ. ಆ ಹಾಳೆ ಕೀಳಲು ನನಗೆ ಆಗಲಿಲ್ಲ, ತುದಿ ಉಗುರಿಗೆ ಸಿಕ್ಕುವುದೇ ಇಲ್ಲ. ಕೊನೆಗೆ ಅವಳೇ ಕಿತ್ತಳು. ಇಂಥದ್ದಕ್ಕೆಲ್ಲ ಹೆಂಗಸರ ಉಗುರೇ ಸರಿ.

ಮಾರ್ಚ್ ೧೬, ಭಾನುವಾರ

ಹಾಳೆ ಕಿತ್ತಮೇಲೆ ಮೌಸ್ ಹಾರುತ್ತದೆ. ಎಷ್ಟೆಂದರೆ ಎರಡು ಸಲ ಕೈ ತಪ್ಪಿ ಮೇಜಿನ ಕೆಳಗೆ ಬಿತ್ತು. ಬಹುಶಃ ಅತಿಯಾಯಿತು ಹಗುರ. ಹನ್ನೊಂದು ಗುಂಡು ಹಾರಿಸಿದೆ, ಒಂದು ತಗುಲಿತು. ಅದೂ ನಮ್ಮವನಿಗೆ.

ಮಾರ್ಚ್ ೧೯, ಬುಧವಾರ

ಹಗುರವೂ ಬೇಕು, ಜಾರಲೂ ಬಾರದು. ಹಳೆಯ ಬಂಡೆಯನ್ನೇ ಹಗುರ ಮಾಡಿದರೆ? ನಾನು ಯಾವ ಕಸುಬಿನವನು ಎಂಬುದನ್ನೇ ಮರೆತಿದ್ದೆ. ಹಲ್ಲು ಕೊರೆಯುವ ಸಣ್ಣ ಡ್ರಿಲ್ ತೆಗೆದುಕೊಂಡು, ಊಟದ ಬಿಡುವಿನಲ್ಲಿ, ಮೌಸಿನ ಬೆನ್ನಿಗೆ ತೂತು ಕೊರೆಯಲು ಕುಳಿತೆ. ಅರವತ್ತನಾಲ್ಕು ತೂತು. ಸಾಲುಸಾಲಾಗಿ, ನೋಡಲು ಬಲು ಚೆಂದ. ಅರವತ್ತೈದನೆಯದಕ್ಕೆ ಡ್ರಿಲ್ ಎಷ್ಟು ಆಳಕ್ಕೆ ಹೋಯಿತು ಎಂಬುದೇ ಬೆರಳಿಗೆ ತಿಳಿಯಲಿಲ್ಲ. ಒಳಗಿನ ಬೋರ್ಡು ಸೀಳಿತು.

ಎಂಬತ್ತೊಂಬತ್ತು ಗ್ರಾಮಿಗೆ ಇಳಿಸಿದ್ದೆ. ಸತ್ತವರೆಲ್ಲ ಹಗುರ ಆಗುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ಯಜಮಾನರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. "ಡ್ರಿಲ್ ಹಿಡಿಯೋವಾಗ ಕೈ ಜುಮ್ ಅನ್ನುತ್ತೇನೋ?" ಎಂದರು. ಎಲ್ಲರಿಗೂ ಅನ್ನುತ್ತದೆ ಸಾರ್, ಮೋಟಾರ್ ಹಳೆಯದು, ಎಂದೆ. ಸಂಜೆ ಮೂರನೆಯ ಮೌಸ್ ತಂದೆ. ದಪ್ಪನೆಯದು, ಅಂಗೈ ತುಂಬುವಂಥದು.

ಮಾರ್ಚ್ ೨೩, ಭಾನುವಾರ

ಇವತ್ತಿನದು ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ, ದಿನಚರಿಗೆ ಸುಳ್ಳು ಹೇಳಿ ಯಾರನ್ನು ಉದ್ಧಾರ ಮಾಡಬೇಕಾಗಿದೆ.

ಇವತ್ತು ಎಲ್ಲರೂ ಕ್ಯಾಪ್ಟನ್ ಮನೆಯಲ್ಲಿ ಸೇರಿ ಆಡುತ್ತಿದ್ದೆವು. ಅರ್ಧ ಆಟ ಮುಗಿದಾಗ ಅವನು, "ಭಾವ, ಒಂದು ನಾಲ್ಕು ಸುತ್ತು ರೆಸ್ಟ್ ತಗೊಳ್ಳಿ, ಮೇಷ್ಟ್ರು ಆಡ್ಲಿ" ಎಂದ.

ಮೇಷ್ಟ್ರು ನಮ್ಮ ಮೀಸಲು ಆಟಗಾರ. ನಿವೃತ್ತ ಗಣಿತದ ಮೇಷ್ಟ್ರು, ಅರವತ್ಮೂರು ವರ್ಷ. ಅವರ ಮೌಸ್ ಕಂಪ್ಯೂಟರ್ ಕೊಂಡಾಗ ಪುಕ್ಕಟೆ ಬಂದದ್ದು. ಬಿಳಿ ಹೋಗಿ ಹಳದಿಯಾಗಿದೆ, ವೈರಿಗೆ ಎರಡು ಕಡೆ ಟೇಪು. ಆ ಮೌಸಿನಲ್ಲಿ ಅವರು ನಾಲ್ಕು ಸುತ್ತಿನಲ್ಲಿ ಐದು ಜನರನ್ನು ಹೊಡೆದರು. ಪ್ರತಿ ಸಲವೂ "ಹ್ಞೂಂ, ಮುಂದೆ" ಎಂದರು, ಉತ್ತರಪತ್ರಿಕೆ ತಿದ್ದುವವರ ಹಾಗೆ.

ಹೊಟ್ಟೆಕಿಚ್ಚನ್ನು ಹಲ್ಲು ಬಿಟ್ಟು ನಗುತ್ತಾ ಮುಚ್ಚಿಕೊಂಡೆ. ಹಲ್ಲಿನ ವಿಚಾರದಲ್ಲಿ ನಾನು ಪರಿಣತ.

ಆಮೇಲೆ ಕ್ಯಾಪ್ಟನ್ ನನ್ನನ್ನು ಬದಿಗೆ ಕರೆದ. "ಹನ್ನೆರಡನೇ ತಾರೀಕಿನೊಳಗೆ ಐದು ಹೆಸರು ಕೊಡ್ಬೇಕು ಭಾವ. ಜಾಗ ನಿಮ್ದೇ. ಆದ್ರೆ..." ಎಂದು ನಿಲ್ಲಿಸಿದ. ಲಿಫ್ಟಿನವನಲ್ಲವೇ, ಎರಡು ಮಹಡಿಯ ನಡುವೆ ನಿಲ್ಲಿಸುವುದು ಅವನಿಗೆ ರೂಢಿ.

ಮನೆಗೆ ಬಂದು ಮೂರನೆಯ ಮೌಸ್ ಸರಿಯಿಲ್ಲ ಎಂದೆ. "ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಳಂತೆ" ಎಂದಳು ಹೆಂಡತಿ. ನಾನಾದರೋ ಮೂರು ನೆಲ ಬದಲಾಯಿಸಿ ಪರೀಕ್ಷಿಸಿದವನು.

ಮಾರ್ಚ್ ೨೭, ಗುರುವಾರ

ಒಂದು ಸೆಟ್ ವಾಪಸ್ ಬಂತು, ಬಾಯಲ್ಲಿ ಸರಿಯಾಗಿ ಕೂರುತ್ತಿಲ್ಲ ಎಂದು. ಈ ತಿಂಗಳಲ್ಲಿ ಮೂರನೆಯದು. ಡಾಕ್ಟರು ಕಳಿಸಿದ ಅಳತೆಯೇ ತಪ್ಪಿರಬೇಕು. ಯಜಮಾನರು ಅದನ್ನು ತಮ್ಮ ಮೇಜಿಗೆ ಒಯ್ದರು.

ಮೇಣ ಕೆತ್ತುವ ಚಾಕು ಕೈಯಿಂದ ಜಾರುತ್ತದೆ. ಹಿಡಿ ಎಣ್ಣೆಯೆಣ್ಣೆ. ಸೋಪು ಹಾಕಿ ತೊಳೆದೆ.

ಏಪ್ರಿಲ್ ೧, ಮಂಗಳವಾರ

ಹೊಳೆಯಿತು! ಅಂಗಡಿಯ ಮೌಸ್ ಯಾರದೋ ಕೈಗೆ ಮಾಡಿದ್ದು. ಸಿದ್ಧ ಹಲ್ಲಿನ ಸೆಟ್ ಯಾರ ಬಾಯಿಗಾದರೂ ಕೂರುತ್ತದೆಯೇ? ಅಚ್ಚು ತೆಗೆಯಬೇಕು, ಎರಕ ಹೊಯ್ಯಬೇಕು, ಆ ಬಾಯಿಗೇ ಮಾಡಬೇಕು. ಇಪ್ಪತ್ತೆರಡು ವರ್ಷದಿಂದ ಮಾಡುತ್ತಿರುವುದು ಅದನ್ನೇ, ಒಂದು ತಿಂಗಳಿಂದ ಮರೆತು ಕುಳಿತಿದ್ದೇನೆ.

ನನ್ನ ಕೈಯ ಅಚ್ಚು ತೆಗೆದು, ಪ್ಲಾಸ್ಟರಿನ ಕೈ ಮಾಡಿ, ಅದರ ಮೇಲೆ ಅಳತೆಗೆ ಸರಿಯಾಗಿ ಮೌಸಿನ ಕವಚ ಎರೆಯುತ್ತೇನೆ. ಒಳಗೆ ಎರಡನೆಯ ಮೌಸಿನ ಬೋರ್ಡು. ಲೋಕದಲ್ಲಿ ಯಾವ ಸ್ನೈಪರನಿಗೂ ಇಲ್ಲದ ಮೌಸ್. ಮೇಷ್ಟ್ರ ಹಳದಿ ಪುಕ್ಕಟೆ ಮಾಲು ಅದರ ಮುಂದೆ ಯಾವ ಲೆಕ್ಕ.

ಏಪ್ರಿಲ್ ೪, ಶುಕ್ರವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಊಟದ ಬಿಡುವಿನಲ್ಲಿ ಬಾಯಿಯ ಅಚ್ಚಿಗೆ ಬಳಸುವ ಗುಲಾಬಿ ಪುಡಿಯನ್ನು ತಟ್ಟೆಯಲ್ಲಿ ಕಲಸಿ, ಬಲ ಅಂಗೈ ಊರಿದೆ. ಗಟ್ಟಿಯಾದ ಮೇಲೆ ಕೈ ತೆಗೆದು, ಆ ಗುಳಿಗೆ ಪ್ಲಾಸ್ಟರ್ ಹೊಯ್ದೆ. ಬಿಚ್ಚಿ ನೋಡಿದರೆ ಹೆಬ್ಬೆರಳ ಬುಡದಲ್ಲಿ ಉಬ್ಬು ಇರಬೇಕಾದ ಕಡೆ ತಗ್ಗು. ಗಾಳಿಗುಳ್ಳೆ ಸೇರಿರಬೇಕು ಎಂದು ಬಿಸಾಡಿದೆ. ಎರಡನೆಯ ಸಲ ತೆಗೆದೆ, ನಿಧಾನವಾಗಿ ಕಲಸಿ, ತಟ್ಟೆ ಕುಟ್ಟಿ ಗಾಳಿ ಹೊರಹಾಕಿ. ಅದೇ ತಗ್ಗು.

ಪುಡಿ ಹಳೆಯದಿರಬಹುದು. ಇಂಥ ಅನುಮಾನ ಬಂದರೆ ಮಾಡುವ ಕ್ರಮವೊಂದಿದೆ: ಅದೇ ಪುಡಿಯಲ್ಲಿ ಇನ್ನೊಂದು ಅಚ್ಚು ತೆಗೆದು ಹೋಲಿಸಿ ನೋಡುವುದು. ಎಡಗೈ ಊರಿದೆ. ಎಡಗೈ ಚೆನ್ನಾಗಿ ಬಂತು. ಹೆಬ್ಬೆರಳ ಬುಡ ತುಂಬಿಕೊಂಡು, ದುಂಡಗೆ. ಪುಡಿಯಲ್ಲಿ ದೋಷವಿಲ್ಲ.

ಎರಡನ್ನೂ ಅಕ್ಕಪಕ್ಕ ಇಟ್ಟೆ. ಯಾರದೋ ಬಾಯಲ್ಲಿ ವಸಡು ಅರ್ಧ ಮಿಲಿಮೀಟರ್ ಇಳಿದಿದ್ದರೆ ನನ್ನ ಕಣ್ಣಿಗೆ ಬೀಳುತ್ತದೆ. "ಈ ಮನುಷ್ಯನಿಗೆ ಇಲ್ಲಿ ಮಾಂಸ ಕರಗಿದೆ ಸಾರ್" ಎಂದು ಯಜಮಾನರಿಗೆ ಎಷ್ಟು ಸಲ ತೋರಿಸಿಲ್ಲ. ಮೇಜಿನ ಮೇಲಿದ್ದ ಬಲಗೈಗೆ ಮಾಂಸ ಕರಗಿತ್ತು. ಯಾರದಾದರೂ ಆಗಿದ್ದರೆ ಕೂಡಲೇ ಹೇಳುತ್ತಿದ್ದೆ.

ಸೂಜಿ ತೆಗೆದುಕೊಂಡು ತೋರುಬೆರಳ ತುದಿಗೆ ಚುಚ್ಚಿದೆ. ಒತ್ತಿದ ಹಾಗೆ ಅನಿಸಿತು, ಚುಚ್ಚಿದ ಹಾಗೆ ಅಲ್ಲ.

ಹೆದರಿಕೆ ಆಯಿತು. ತಮಾಷೆಯ ಮಾತು ಯಾವುದೂ ಹೊಳೆಯುತ್ತಿಲ್ಲ. ಮನೆಗೆ ಬಂದು ಎರಡೂ ಪ್ಲಾಸ್ಟರ್ ಕೈಗಳನ್ನು ಹೆಂಡತಿಯ ಮುಂದೆ ಇಟ್ಟೆ. ಅವಳು ಪ್ಲಾಸ್ಟರ್ ಮುಟ್ಟಲಿಲ್ಲ, ನನ್ನ ಬಲಗೈ ಹಿಡಿದುಕೊಂಡು ಕುಳಿತಳು. ಹಿಡಿದದ್ದು ಕಾಣಿಸುತ್ತಿತ್ತು.

ಏಪ್ರಿಲ್ ೭, ಸೋಮವಾರ

ಕೈ ಡಾಕ್ಟರ್ ಹೆಂಗಸು, ಸಣ್ಣ ದನಿ. ಕಣ್ಣು ಮುಚ್ಚಿಸಿ, ಹತ್ತಿಯ ಎಳೆ ಮುಟ್ಟಿಸಿದಾಗಲೆಲ್ಲ "ಹ್ಞೂಂ" ಅನ್ನಲು ಹೇಳಿದರು. ನಾನು ಒಳ್ಳೆಯ ವಿದ್ಯಾರ್ಥಿಯ ಹಾಗೆ ಸರಿಯಾದ ಬಿಡುವು ಕೊಟ್ಟು ಹ್ಞೂಂ ಹ್ಞೂಂ ಎಂದೆ.

"ಕಡೇ ನಾಲ್ಕು ಸಲ ನಾನು ಮುಟ್ಟೇ ಇಲ್ಲ" ಎಂದರು ಡಾಕ್ಟರ್.

ಹೆಂಡತಿ ಗೋಡೆಯ ಕಡೆ ತಿರುಗಿದಳು. ಈ ವಯಸ್ಸಿನಲ್ಲಿ ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದೆ.

ಮಣಿಕಟ್ಟಿನಲ್ಲಿ ನರ ಅದುಮಿಕೊಂಡಿದೆಯಂತೆ. ವರ್ಷಗಟ್ಟಲೆ ಕಂಪಿಸುವ ಡ್ರಿಲ್ ಹಿಡಿದದ್ದೂ ಕಾರಣವಿರಬಹುದಂತೆ. ಸಣ್ಣ ಆಪರೇಷನ್, ಅದೇ ದಿನ ಮನೆಗೆ. "ಜೋಮು ಬಿಡಬಹುದು. ಕರಗಿದ ಮಾಂಸ ತುಂಬುತ್ತೋ ಇಲ್ವೋ ಈಗ್ಲೇ ಹೇಳಕ್ಕಾಗಲ್ಲ. ಇನ್ನೂ ತಡ ಮಾಡಿದ್ರೆ ಎರಡೂ ಕಷ್ಟ."

ಅವರಿಗೆ ಬಿಡುವಿರುವುದು ಏಪ್ರಿಲ್ ಹದಿನಾಲ್ಕು. ಅದು ತಪ್ಪಿದರೆ ಮೇ ಕೊನೆ. ಹದಿನಾಲ್ಕಕ್ಕೆ ಮಾಡಿಸಿದರೆ ಇಪ್ಪತ್ತಕ್ಕೆ ಕೈಗೆ ಬ್ಯಾಂಡೇಜು.

"ಮೇನಲ್ಲೇ ಮಾಡ್ಸೋಣ" ಎಂದೆ. ಇಷ್ಟು ದಿನ ತಡೆದದ್ದು ಇನ್ನು ಆರು ವಾರ ತಡೆಯುವುದಿಲ್ಲವೇ.

ಏಪ್ರಿಲ್ ೮, ಮಂಗಳವಾರ

ಬೆಳಗ್ಗೆ ಹೆಂಡತಿ ಅಂಗಿಯ ಗುಂಡಿಗಳನ್ನು ಹಾಕಿಕೊಟ್ಟಳು, ಎಲ್ಲವನ್ನೂ, ಮೇಲಿನಿಂದ ಕೆಳಗೆ, ಮುಖ ನೋಡದೆ. ಬೈದಿದ್ದರೆ ಚೆನ್ನಾಗಿತ್ತು.

ನಾಲ್ಕನೆಯ ಮೌಸ್ ಮುಗಿಸಿದೆ. ಎಪ್ಪತ್ತು ಗ್ರಾಂ, ಕೈಗೆ ಸರಿಯಾಗಿ ಕೂರುತ್ತದೆ. ನನ್ನ ಕೈಯಲ್ಲಿರುವ ತಗ್ಗಿಗೆ ತಕ್ಕ ಉಬ್ಬು ಅದರಲ್ಲಿದೆ. ಇಷ್ಟು ಚೆನ್ನಾಗಿ ನಾನು ಯಾವ ಸೆಟ್ಟನ್ನೂ ಮಾಡಿಲ್ಲ.

ಏಪ್ರಿಲ್ ೯, ಬುಧವಾರ

ಮೇ ಕೊನೆಗೆ ರಜೆ ಕೇಳಲು ಯಜಮಾನರ ಹತ್ತಿರ ಹೋದೆ. ಕೈಯ ವಿಷಯ ಹೇಳಬಾರದು, ಹೇಳಿದರೆ ಕೆಲಸಕ್ಕೆ ಕುತ್ತು. ಅತ್ತೆಗೆ ಹುಷಾರಿಲ್ಲ ಎಂಬ ಸುಳ್ಳನ್ನು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡಿದ್ದೆ. ಗಟ್ಟಿಮುಟ್ಟಾದ ಅತ್ತೆ, ಪಾಪ.

ಯಜಮಾನರು ಪೂರ್ತಿ ಕೇಳಿದರು. ಆಮೇಲೆ ಡ್ರಾಯರ್ ಎಳೆದು ಏಳು ಸೆಟ್ ಮೇಜಿನ ಮೇಲೆ ಇಟ್ಟರು. ಎಲ್ಲವೂ ನನ್ನ ಕೆಲಸ, ನನಗೆ ಗುರುತು ಸಿಗುತ್ತದೆ. ಹಲ್ಲುಗಳು ಓರೆ, ಅಂಚುಗಳು ಒರಟು.

"ಜನವರಿಯಿಂದ ನೀನು ಮಾಡಿದ್ದನ್ನ ಸಂಜೆ ಕೂತು ನಾನು ಸರಿ ಮಾಡ್ತಿದ್ದೀನಿ. ಸರಿ ಹೋಗದ್ದನ್ನ ಹೊಸದಾಗಿ ಮಾಡಿ ಕಳಿಸ್ದೆ. ಇವು ಅವು."

"ಯಾಕೆ ಸಾರ್ ಹೇಳ್ಲಿಲ್ಲ?"

"ನೀನೇ ಬಂದು ಹೇಳ್ತೀಯ ಅಂತ ಕಾದೆ. ನಿನ್ನ ಕೈಲಿ ಕೆಲಸ ಕಲಿತೋರು ನಾಲ್ಕು ಜನ ಇದ್ದಾರೆ ಇಲ್ಲಿ, ಅವರ ಮುಂದೆ ನಾನು ಏನಂತ ಹೇಳ್ಲಿ?" ಒಂದು ಸೆಟ್ ಎತ್ತಿ ನನ್ನ ಮುಂದೆ ಸರಿಸಿದರು. "ಇದೊಂದು ನನ್ನ ಕಣ್ಣು ತಪ್ಪಿ ಹೋಯ್ತು. ಒಬ್ಬ ಅಜ್ಜಿದು. ಹೇಳ್ಕೊಳ್ಳೋಕೆ ಸಂಕೋಚ ಪಟ್ಕೊಂಡು, ವಸಡು ಹುಣ್ಣಾಗಿ, ಮೂರು ವಾರ ಬರೀ ಹಾಲು ಕುಡ್ಕೊಂಡಿದ್ರಂತೆ."

ಯಾವ ಮೂರು ವಾರ ಎಂದು ಕೇಳಿದೆ. ಮಾರ್ಚ್ ಮೊದಲ ಮೂರು ವಾರ. ನಾನು ತಕ್ಕಡಿಯಲ್ಲಿ ಮೌಸ್ ಇಟ್ಟು ಗ್ರಾಂ ನೋಡುತ್ತಿದ್ದ ದಿನಗಳು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಸುಳ್ಳು ಹೇಳಿದ್ದನ್ನು ಹೇಳಿದೆ, ಕೈಯದನ್ನು ಹೇಳಿದೆ, ಹದಿನಾಲ್ಕನೇ ತಾರೀಕನ್ನೂ ಹೇಳಿದೆ.

"ಹದಿನಾಲ್ಕಕ್ಕೆ ಮಾಡಿಸ್ಕೋ" ಎಂದರು. "ಕೈ ಸರಿ ಹೋಗೋವರೆಗೂ ಕೂತು ಹುಡುಗರ ಕೆಲಸ ನೋಡು. ಕಣ್ಣಿಗೇನೂ ಆಗಿಲ್ವಲ್ಲ?"

ಹೊರಗೆ ಬಂದು ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಡಾಕ್ಟರಿಗೆ ಫೋನ್ ಮಾಡಿದೆ. ಎಡಗೈಯಲ್ಲಿ ನಂಬರ್ ಒತ್ತಿದೆ, ಒಂದೇ ಸಲಕ್ಕೆ ಹೋಯಿತು.

ಏಪ್ರಿಲ್ ೧೦, ಗುರುವಾರ

ಕ್ಯಾಪ್ಟನ್ ಯಾವುದೋ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ ಲಿಫ್ಟಿನ ಮೇಲೆ ಕುಳಿತು ಗ್ರೀಸ್ ಹಚ್ಚುತ್ತಿದ್ದ. ಅಲ್ಲಿಗೇ ಹೋಗಿ, ಮೇಷ್ಟ್ರ ಹೆಸರು ಕೊಡು ಎಂದೆ.

ಅವನು ತುಂಬಾ ಹೊತ್ತು ಕೈ ಒರೆಸಿಕೊಂಡ. "ನಾನೇ ಹೇಳ್ಬೇಕಿತ್ತು ಭಾವ. ಅಕ್ಕ ಬಿಡ್ಲಿಲ್ಲ. ಅವರಾಗಿ ಹೇಳೋವರೆಗೂ ಆ ಜಾಗ ಮುಟ್ಬೇಡ ಅಂದ್ಳು."

ಹೀಗಾದರೆ ಹೇಗೆ. ಎಲ್ಲರೂ ನನ್ನ ಬಾಯಿಯನ್ನೇ ಕಾಯುತ್ತಿದ್ದರು. ಊರಿಗೆಲ್ಲ ಬಾಯಿ ಕೊಡುವ ನಾನು ಅದನ್ನು ಬೀಗ ಹಾಕಿಟ್ಟುಕೊಂಡಿದ್ದೆ.

ಏಪ್ರಿಲ್ ೧೩, ಭಾನುವಾರ

ನಾಳೆ ಆಪರೇಷನ್. ಭಯವಿದೆ. ಈ ಕೈಯಲ್ಲಿ ಮತ್ತೆ ಹಲ್ಲು ಜೋಡಿಸುತ್ತೇನೋ ಇಲ್ಲವೋ ಯಾರೂ ಹೇಳುವುದಿಲ್ಲ.

ನಾಲ್ಕನೆಯ ಮೌಸನ್ನು ಮೇಷ್ಟ್ರಿಗೆ ಕೊಡಲು ಹೋಗಿದ್ದೆ. ಹಿಡಿದು ನೋಡಿ ವಾಪಸ್ ಕೊಟ್ಟರು. "ಒಳ್ಳೇ ಕೆಲಸ ಕಣಯ್ಯ. ಆದ್ರೆ ಇದು ನಿನ್ನ ಕೈ. ಇದರೊಳಗೆ ನನ್ನ ಕೈ ಎಲ್ಲಿಡ್ಲಿ?" ನಾನು ಹಟ ಮಾಡಲಿಲ್ಲ. ಒಂದು ಗಂಟೆ ಕುಳಿತು, ನಾನು ಕಾಯುತ್ತಿದ್ದ ಜಾಗಗಳನ್ನೆಲ್ಲ ಅವರಿಗೆ ಚಿತ್ರ ಬರೆದು ತೋರಿಸಿದೆ. ಮೇಷ್ಟ್ರು ನೋಟ್ಸ್ ಮಾಡಿಕೊಂಡರು.

ಏಪ್ರಿಲ್ ೨೨, ಮಂಗಳವಾರ

ಎಡಗೈ ಬರಹ, ಕೋಳಿ ಕೆದಕಿದ ಹಾಗಿದೆ. ನಿನ್ನೆ ಶುರು ಮಾಡಿದ್ದು, ಇವತ್ತು ಮುಗಿಸುತ್ತಿದ್ದೇನೆ.

ಭಾನುವಾರ ಸಭಾಂಗಣಕ್ಕೆ ಹೋಗುವುದಿಲ್ಲ ಎಂದಿದ್ದೆ. ಹೆಂಡತಿ ಬ್ಯಾಂಡೇಜಿನ ಕೈಯನ್ನು ಕೊರಳಿಗೆ ತೂಗುಹಾಕಿದ ಪಟ್ಟಿಯಲ್ಲಿ ಕೂರಿಸಿ, "ನಡೀರಿ" ಎಂದಳು. ನಡೆದೆ. ಮೂರನೆಯ ಸಾಲಿನಲ್ಲಿ ಕುಳಿತೆವು. ವೇದಿಕೆಯ ಮೇಲೆ ನನ್ನ ಕುರ್ಚಿಯಲ್ಲಿ ಮೇಷ್ಟ್ರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹಳದಿ ಮೌಸಿನ ಮೇಲೆ ಕೈಯಿಟ್ಟುಕೊಂಡು.

ಸೆಮಿಫೈನಲ್ ಕೊನೆಯ ಸುತ್ತಿಗೆ ಬಂತು. ನಮ್ಮವರು ನಾಲ್ವರೂ ಬಿದ್ದರು. ಮೇಷ್ಟ್ರು ಒಬ್ಬರೇ, ಎದುರಿಗೆ ಇಬ್ಬರು. ನಾನು ಚಿತ್ರದಲ್ಲಿ ತೋರಿಸಿದ್ದ ಮೂಲೆಯಲ್ಲಿ ಅಲುಗಾಡದೆ ನಿಂತರು. ಮೊದಲನೆಯವನು ಬಂದ, ಬಿದ್ದ. ಎರಡನೆಯವನು ಓಡುತ್ತಾ ಬಂದ. ಈ ಗುಂಡು ತಪ್ಪಲಿ ಎಂದು ಒಂದು ಕ್ಷಣ ನನ್ನ ಮನಸ್ಸಿಗೆ ಬಂತು. ಬಂತು, ಅದನ್ನೂ ಬರೆಯುತ್ತೇನೆ. ಅಷ್ಟರಲ್ಲಿ ಮೇಷ್ಟ್ರು ಹೊಡೆದಾಗಿತ್ತು.

ಫೈನಲ್‌ನಲ್ಲಿ ಸೋತೆವು, ಅದು ಆಮೇಲಿನ ಮಾತು. ಆ ಗುಂಡಿಗೆ ಇಡೀ ಸಭಾಂಗಣ ಎದ್ದು ನಿಂತಿತು. ನಾನೂ ಎದ್ದೆ, ಯಾವಾಗ ಎದ್ದೆನೋ ಗೊತ್ತಿಲ್ಲ. ಸುತ್ತಲೂ ಚಪ್ಪಾಳೆ. ನನ್ನ ಎಡಗೈ ಮಾತ್ರ ಮೇಲೆದ್ದು, ತಟ್ಟಲು ಇನ್ನೊಂದು ಕೈಯಿಲ್ಲದೆ, ಗಾಳಿಯಲ್ಲಿ ಪೆದ್ದುಪೆದ್ದಾಗಿ ನಿಂತುಬಿಟ್ಟಿತು.

ಪಕ್ಕದಲ್ಲಿದ್ದವಳು ಪರದೆಯಿಂದ ಕಣ್ಣು ತೆಗೆಯದೆ ತನ್ನ ಬಲ ಅಂಗೈಯನ್ನು ನನ್ನ ಮುಂದೆ ಹಿಡಿದಳು. ನಾನು ಅದಕ್ಕೆ ತಟ್ಟಿದೆ.

"ಜೋರಾಗಿ ತಟ್ಟಿ" ಎಂದಳು, "ಅಲ್ಲಿವರೆಗೂ ಕೇಳ್ಬೇಕು."

ಜೋರಾಗಿ ತಟ್ಟಿದೆ.